ಒಂಬತ್ತನೆಯ ಒತ್ತು

ಸೋಮವಾರ ಗ್ರಂಥಾಲಯದ ಬಾಗಿಲು ತೆಗೆದಾಗ
ತಾರ್ತು ಊರಿನ ಮೇಲೆ ಇನ್ನೂ ಕತ್ತಲಿತ್ತು,
ನದಿ ಅರ್ಧ ಹೆಪ್ಪುಗಟ್ಟಿತ್ತು,
ಹೆಲ್ದುರ್ ಒಬ್ಬನೇ ಕುದಿಯುತ್ತಿದ್ದ.

"ಯಾರನ್ನು ಕೇಳಿ ಬದಲಾಯಿಸಿದರು?"
ಟೋಪಿಯ ಹಿಮ ಕೊಡವುತ್ತ ನನ್ನನ್ನೇ ಕೇಳಿದ,
ರಾತ್ರಿಯೆಲ್ಲ ಕೂತು
ಆ ಹುಡುಕುಪುಟವನ್ನು ಕೆಡವಿ ಕಟ್ಟಿದವಳು ನಾನೇ ಎಂಬಂತೆ.

ನಲವತ್ತು ವರ್ಷ ರೈಲ್ವೆಯಲ್ಲಿ ಕೈಮರ ಎಳೆದವನು.
ಎಡಕ್ಕಿದ್ದದ್ದು ಎಡಕ್ಕೇ ಇರಬೇಕು,
ಕೆಂಪು ಕೆಂಪಾಗಿಯೇ.
ಈಗ ನೋಡಿದರೆ ಪೆಟ್ಟಿಗೆ ನಡುಮನೆಗೆ ಬಂದು ಕೂತಿದೆ,
ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಿದ್ದಾರೆ,
ತಾರೀಖುಗಳು ಮಾಯ,
ನೀಲಿ ಗೆರೆಗಳು ಎಲ್ಲಿ ಹೋದವೋ.
"ಸೋಪಿನ ಹಾಗಿದೆ," ಅಂದ.
"ಹಿಡಿಯಲು ಹೋದರೆ ಜಾರುತ್ತದೆ."

ಹತ್ತಕ್ಕೆ ಬಂದಳು ಹೊಲಿಗೆಯ ಮಾರಿಕಾ:
ಬಿಳಿ ಜಾಸ್ತಿಯಾಯಿತು, ಕಣ್ಣಿಗೆ ಚುಚ್ಚುತ್ತದೆ.
ಅವಳ ಹಿಂದೆಯೇ ಬಂದ ಟಾನೆಲ್, ಹತ್ತೊಂಬತ್ತರ ಹುಡುಗ,
ಏನು ಬದಲಾಗಿದೆ ಎಂದು ಎರಡು ಸಲ ಕೇಳಿದ.
ಅವನಿಗೆ ಕಾಣಲೇ ಇಲ್ಲ.
ಬೈಯುವುದಕ್ಕೂ ಹಳೆಯದರ ರೂಢಿ ಬೇಕು.

ನಾನು ಎಲ್ಲರಿಗೂ ತಲೆಯಾಡಿಸಿದೆ.
ಒಳಗೊಳಗೇ ನಗು:
ಭೂಮಿ ಬಾಯಿಬಿಟ್ಟಂತೆ ಆಡುತ್ತಾರಲ್ಲ,
ಒಂದು ಗುಂಡಿ ಅರ್ಧ ಬೆರಳು ಆಚೆ ಸರಿದದ್ದಕ್ಕೆ.

ಆಮೇಲೆ ವೀರ್ವೆ ಬಂದಳು.

ಕಿಟಕಿ ಪಕ್ಕದ ಮೂರನೆಯ ಮೇಜು ಅವಳದು.
ಕಿಟಕಿ ಎಂದರೆ ಅವಳಿಗೆ ಬೆಳಕಲ್ಲ,
ಎಡಗೆನ್ನೆಗೆ ತಾಗುವ ಚಳಿ.
ಪರದೆ ಆರಿಸಿ, ಕಿವಿಗೆ ತಂತಿ ಸಿಕ್ಕಿಸಿ
ಒತ್ತುತ್ತ ಹೋಗುತ್ತಾಳೆ:
ನಾಲ್ಕು ಒತ್ತಿದರೆ ಪೆಟ್ಟಿಗೆ,
ಒಂಬತ್ತಕ್ಕೆ ಮೊದಲ ಉತ್ತರ.
ಹನ್ನೊಂದು ವರ್ಷದಿಂದ ಹೀಗೇ.
ರಾತ್ರಿ ದೀಪ ಹಾಕದೆ ಕೈ ಚಾಚಿದರೂ
ಉಪ್ಪಿನ ಡಬ್ಬಿ ಸಿಗುತ್ತದಲ್ಲ, ಹಾಗೆ.

ಅವತ್ತು ನಾಲ್ಕು ಒತ್ತಿದಳು.
ಕಿವಿಯಲ್ಲಿ ಯಂತ್ರ ಹೇಳಿತು: ಚಿತ್ರ.
ಒಂಬತ್ತು: ಚಿತ್ರ.
ಹದಿನೇಳು: ಹೆಸರಿಲ್ಲದ ಗುಂಡಿ.
ಇಪ್ಪತ್ತೆರಡು: ಹೆಸರಿಲ್ಲದ ಗುಂಡಿ.

ಕೂಗಾಡಲಿಲ್ಲ.
ಕೈಗಳನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು
ಸ್ವಲ್ಪ ಹೊತ್ತು ಸುಮ್ಮನೆ ಕೂತಳು,
ತನ್ನದೇ ಮನೆಗೆ ಬಂದು
ಒಳಗೆ ಯಾರದೋ ದನಿ ಕೇಳಿ
ಹೊಸ್ತಿಲಲ್ಲೇ ನಿಂತವಳ ಹಾಗೆ.

ನನ್ನ ನಗು ಗಂಟಲಲ್ಲಿ ಮುಳ್ಳಾಯಿತು.

"ನಾನು ಹುಡುಕಿಕೊಡಲೇ? ಏನು ಬೇಕಿತ್ತು?"
"ಬಸ್ಸಿನ ವೇಳೆ ಬೇಕಿತ್ತು," ಅಂದಳು,
"ಈಗ ದಾರಿ ಬೇಕು.
ಅದನ್ನು ನೀನು ಹುಡುಕಿದರೆ ನಿನ್ನದಾಗುತ್ತದೆ."

ಮೂರು ದಿನ ಎಣಿಸಿದಳು. ತಪ್ಪಿದರೆ ಮತ್ತೆ ಮೊದಲಿಂದ.
ದಪ್ಪ ಕಾಗದಕ್ಕೆ ಮೊಳೆ ಚುಚ್ಚಿ, ಚುಕ್ಕಿ ಎಬ್ಬಿಸಿ
ಬರೆದಿಟ್ಟಳು:
ಮೂವತ್ತೊಂದಕ್ಕೆ ಪೆಟ್ಟಿಗೆ, ಐವತ್ತಕ್ಕೆ ಉತ್ತರ,
ನಡುವೆ ಏಳು ಹಳ್ಳ.
ಗುರುವಾರ ಸಂಜೆ ಬೆರಳು ನಿಲ್ಲದೆ ಓಡಿತು.
ಹೆಲ್ದುರ್ ಎದ್ದು ಹೋಗಿ
ಅವಳ ಬೆನ್ನ ಹಿಂದೆ ನಿಂತು ಟೋಪಿ ತೆಗೆದ.
ಒದ್ದೆ ಉಣ್ಣೆಯ ವಾಸನೆ ಹಿಡಿದು
"ಕೂತುಕೋ, ಹೇಳಿಕೊಡುತ್ತೇನೆ," ಅಂದಳು.

ಮುಂದಿನ ಮಂಗಳವಾರ,
ಎಲ್ಲೋ ದೂರದ ಧಣಿಗಳ ಕಿವಿಗೆ
ಬೈಗುಳ ಬಿತ್ತೋ, ಕಾಸಿನ ಲೆಕ್ಕ ತಪ್ಪಿತೋ,
ಹಳೆಯ ಪುಟ ವಾಪಸ್ಸು ಬಂತು.
ಎಡದ್ದು ಎಡಕ್ಕೆ. ತಾರೀಖು, ನೀಲಿ ಗೆರೆ, ಎಲ್ಲ.
ಮಾರಿಕಾ ಕಪ್ಪು ಬ್ರೆಡ್ಡು ಕತ್ತರಿಸಿ ಹಂಚಿದಳು.
ಹೆಲ್ದುರ್ ಗೆದ್ದವನ ಹಾಗೆ ಮೀಸೆ ತಿರುವಿದ,
ಮೀಸೆ ಇಲ್ಲದಿದ್ದರೂ.

ವೀರ್ವೆ ಮೂವತ್ತೊಂದು ಒತ್ತಿದಳು.
ಪುಟದ ತಳದ ಕಾನೂನು, ಷರತ್ತು, ಹಕ್ಕುಸ್ವಾಮ್ಯ
ಕಿವಿಯಲ್ಲಿ ಸುರಿಯತೊಡಗಿದವು.
ಅವಳು ನಕ್ಕದ್ದು ನಾನು ಕೇಳಿದ್ದು ಅದೇ ಮೊದಲು;
ಇಡೀ ಕೋಣೆ ತಿರುಗಿ ನೋಡಿತು.

ಹೊರಡುವಾಗ ಚುಕ್ಕಿಯ ಕಾಗದ ನನ್ನ ಕೈಗಿಟ್ಟಳು.
"ಎಸೆಯಬೇಡ. ಮತ್ತೆ ಬದಲಾಯಿಸುತ್ತಾರೆ."

ನನಗೆ ಅದನ್ನು ಓದಲು ಬರದು.
ಮೇಜಿನ ಖಾನೆಯಲ್ಲಿ, ಕತ್ತರಿಯ ಮೇಲೆ ಇಟ್ಟಿದ್ದೇನೆ.
ನೋಡದೆ ಕೈ ಹಾಕಿದಾಗೆಲ್ಲ
ಬೆರಳಿಗೆ ಮೊದಲು ಅದೇ ತಾಗುತ್ತದೆ.